ಮೇರಿಯನ್ ಜತೆ ಜೋಡಿ

ತಬಿತಾ: ಇನ್ನೊಂದ್ಸಲ ಹೇಳಿ. ಯಾರ ಜತೆ ಜೋಡಿ ಅಂದ್ರಿ?

ಲೆಮುಯೆಲ್: ಮೇರಿಯನ್ ಜತೆ. ಅದಕ್ಯಾಕೆ ಚಾಕು ಹಿಡ್ಕೊಂಡು ಹಂಗ್ ನೋಡ್ತೀಯ? ಸೇಬು ಹೆಚ್ಚು.

ತಬಿತಾ: ಇಷ್ಟು ವರ್ಷ ಸಂಸಾರ ಮಾಡಿದ ಹೆಂಡ್ತಿ ಎದುರಿಗೆ ಕೂತು, ಬೂಟು ಬಿಚ್ಕೊಂಡು, ಏನೂ ಆಗೇ ಇಲ್ಲ ಅನ್ನೋ ಹಾಗೆ ಹೇಳ್ತಿದ್ದೀರಲ್ಲ. ನಾಚಿಕೆ ಆಗಲ್ವಾ?

ಲೆಮುಯೆಲ್: ನಾಚಿಕೆ ಯಾತಕ್ಕೆ? ಶಾಸನಸಭೇಲಿ ಎಲ್ಲರೂ ಮಾಡ್ತಾರೆ. ಅಧ್ಯಕ್ಷರಿಗೂ ಗೊತ್ತು.

ತಬಿತಾ: ಅಧ್ಯಕ್ಷರಿಗೂ ಗೊತ್ತಾ. ಪಾದ್ರಿಗಳಿಗೆ?

ಅಕ್ಟೋಬರ್ ಬಂತೆಂದರೆ ವರ್ಮಾಂಟ್ ರಾಜ್ಯದ ಹೆಂಗಸರು ಸೇಬು ಒಣಗಿಸುತ್ತಾರೆ, ಅವರ ಶಾಸಕರು ರಾಜಧಾನಿ ಮಾಂಟ್‌ಪೀಲಿಯರ್‌ಗೆ ಹೋಗಿ ಕಾನೂನು ಮಾಡುತ್ತಾರೆ. ಆ ಕಾಲಕ್ಕೆ ರೈಲು ಇನ್ನೂ ಆ ಕಡೆ ತಲೆ ಹಾಕಿರಲಿಲ್ಲ. ಅಧಿವೇಶನದ ನಡುವೆಯೇ ಕುದುರೆ ಏರಿ ಮನೆಗೆ ಬಂದಿದ್ದ ಲೆಮುಯೆಲ್ ಸ್ಟಾಡರ್ಡ್ ಅಡುಗೆಮನೆಯ ಒಲೆ ಮುಂದೆ ಕಾಲು ಚಾಚಿದ್ದ. ಸಭೆಯಲ್ಲಿ ಎದ್ದು ನಿಂತರೆ ಕೂರಿಸುವುದೇ ಕಷ್ಟವಾದ ಮನುಷ್ಯನಿಗೆ ಇಲ್ಲಿ ನಾಲಿಗೆ ತೊಡರುತ್ತಿತ್ತು.

ಲೆಮುಯೆಲ್: ಜೋಡಿ ಅಂದ್ರೆ ಅದಲ್ಲ ಕಣೇ. ನಾನು ಪರ, ಅವನು ವಿರೋಧ. ಇಬ್ಬರ ಮತ ಹೆಂಗೂ ಸಮ ಆಗುತ್ತೆ, ಇಬ್ಬರೂ ಮತ ಹಾಕದೇ ಮನೆಗೆ ಹೋಗೋಣ ಅಂತ ಮಾತಾಡ್ಕೊಳ್ಳೋದು. ಮೇರಿಯನ್ ಹೆಂಗಸಲ್ಲ, ಗಿರಣಿ ಟಟಲ್.

ತಬಿತಾ: ಗಡ್ಡದ ಟಟಲ್? ಅವನ ಹೆಸರು ಮೇರಿಯನ್ನಾ?

ಲೆಮುಯೆಲ್: ಅವರಮ್ಮ ಇಟ್ಟಿದ್ದು. ಅದಕ್ಕೇ ಪಾಪ ಗಡ್ಡ ಬಿಟ್ಟಿರೋದು.

ತಬಿತಾ ನಕ್ಕಳು. ಲೆಮುಯೆಲ್‌ಗೆ ಹೋದ ಜೀವ ಬಂದಂತಾಯಿತು. ಆದರೆ ಅವಳು ಕೈಗೆತ್ತಿಕೊಂಡ ಸೇಬನ್ನು ಮತ್ತೆ ಕೆಳಗಿಟ್ಟಳು.

ತಬಿತಾ: ಯಾವ ಮಸೂದೆಗೆ ಈ ಜೋಡಿ?

ಲೆಮುಯೆಲ್: ಅದೇ, ನಾಳೆ ಮತಕ್ಕೆ ಬರೋದು.

ತಬಿತಾ: ತವರಿಂದ ಬಂದಿದ್ದು ಹೆಂಡ್ತೀದೇ ಅನ್ನೋ ಮಸೂದೆಗಾ?

ಲೆಮುಯೆಲ್: ಇವತ್ತು ಸೇಬಿನ ಪೈ ಮಾಡ್ತೀಯಾ?

ತಬಿತಾ: ಮಾತು ಮರೆಸಬೇಡಿ. ನನ್ನಪ್ಪ ಸಾಯೋವಾಗ ತೋಟ ನಿನಗೆ ಅಂತ ನನ್ನ ಕೈ ಹಿಡ್ಕೊಂಡು ಹೇಳಿದ. ಕಾನೂನು ನಿಮಗೆ ಕೊಡ್ತು. ನೀವು ಮರ ಕಡಿಸಿ ಕುರಿ ಮೇಯಿಸ್ತೀನಿ ಅಂತೀರಿ. ನಾನು ಅತ್ತಿದ್ದು ನೋಡಿ, ಪರವಾಗಿ ಮತ ಹಾಕ್ತೀನಿ ಅಂತ ಮಾತು ಕೊಟ್ರೋ ಇಲ್ವೋ?

ಲೆಮುಯೆಲ್: ಹಾಕಿದ ಹಾಗೇ ಆಯ್ತಲ್ಲ. ಹೆಸರು ಕೂಗಿದಾಗ ಎದ್ದು ನಿಂತು 'ಹೌದು' ಅಂದ್ರೆ, ಹೆಂಡ್ತಿಗೆ ಹೆದರೋ ಸ್ಟಾಡರ್ಡ್ ಅಂತ ಊರೆಲ್ಲ ಆಡ್ಕೊಳ್ಳುತ್ತೆ.

ತಬಿತಾ: ಊರಿಗೆ ಹೆದರಿ ಓಡಿ ಬಂದವನನ್ನ ಆಡ್ಕೊಳ್ಳಲ್ವಾ? ಇರಲಿ. ವಿರೋಧ ಅಂತ ಟಟಲ್ ಬಾಯಿಬಿಟ್ಟು ಹೇಳಿದ್ನಾ?

ಲೆಮುಯೆಲ್: ಕೇಳೋದೇನಿದೆ? ಎದುರು ಪಕ್ಷದವನು. ನಾನು ಹೌದು ಅಂದಿದ್ದಕ್ಕೆಲ್ಲ ಅಲ್ಲ ಅನ್ನೋದೇ ಅವನ ಕೆಲಸ.

ತಬಿತಾ: ಆ ಗಿರಣಿ ಯಾರ್ದು?

ಲೆಮುಯೆಲ್: ಅವಂದು. ಅಂದ್ರೆ, ಅವನ ಮಾವಂದು. ಗಂಡುಮಕ್ಕಳಿರಲಿಲ್ಲ, ಮಗಳಿಗೆ...

ಲೆಮುಯೆಲ್ ಚಾಚಿದ್ದ ಕಾಲನ್ನು ಹಿಂದಕ್ಕೆಳೆದುಕೊಂಡ.

ತಬಿತಾ: ಹೋದ ಭಾನುವಾರ ಚರ್ಚ್ ಬಾಗಿಲಲ್ಲಿ ಅವನ ಹೆಂಡ್ತಿ ಸಿಕ್ಕಿದ್ಲು. ಗಡ್ಡ ಹಿಡ್ಕೊಂಡು ಆಣೆ ಮಾಡಿಸಿದ್ದೀನಿ, ಪರವಾಗೇ ಮತ ಹಾಕ್ತಾರೆ ಅಂದ್ಲು. ಅವನೂ ನಿಮ್ಮ ಹಾಗೇ ಎದ್ದು ಹೇಳೋಕೆ ಹೆದರಿದ್ದಾನೆ. ನೀವು ವಿರೋಧ ಅಂದ್ಕೊಂಡಿದ್ದಾನೆ.

ಲೆಮುಯೆಲ್: ಹಾಗಾದ್ರೆ ಎರಡು 'ಹೌದು' ಒಂದನ್ನೊಂದು ತಿಂದ್ಹಾಕಿವೆ.

ತಬಿತಾ: ಬೂಟು ಹಾಕ್ಕೊಳ್ಳಿ.

ಲೆಮುಯೆಲ್: ಈಗಲೇ? ಊಟ?

ತಬಿತಾ: ದಾರೀಲಿ. ಟಟಲ್‌ನೂ ಎಬ್ಬಿಸ್ಕೊಂಡು ಹೋಗಿ. ನಿಮ್ಮ ಕುದುರೆ ಸುಸ್ತಾಗಿದೆ, ನನ್ನಪ್ಪಂದು ತಗೊಳ್ಳಿ.

ಅವಳು ಬ್ರೆಡ್ಡು, ಚೀಸು ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಗೊಣಗುತ್ತಲೇ ಜೀನು ಬಿಗಿದ ಲೆಮುಯೆಲ್‌ಗೆ ಒಳಗೊಳಗೇ ತನ್ನ ಮೇಲೆ ಅಸಹ್ಯವೆನಿಸಿತ್ತು. ಆದರೂ ಸೋತವನಂತೆ ಹೊರಡಲು ಮನಸ್ಸು ಬರಲಿಲ್ಲ.

ಲೆಮುಯೆಲ್: ಸದ್ಯಕ್ಕೆ ಇದು ನಿಮ್ಮಪ್ಪಂದಲ್ಲ ಕಣೇ, ಕಾನೂನಿನ ಪ್ರಕಾರ ನನ್ನ ಕುದುರೆ. ಅದು ನೆನಪಿರಲಿ.

ತಬಿತಾ: ನಿಮ್ದೇ ಕಣ್ರೀ. ಅದಕ್ಕೇ ಹೋಗೋವಾಗ ಎಷ್ಟು ಬೇಕೋ ಅಷ್ಟು ಓಡಿಸಿ. ಬರೋವಾಗ ನಂದಾಗಿರುತ್ತೆ, ಮೆಲ್ಲಗೆ ನಡೆಸ್ಕೊಂಡು ಬನ್ನಿ.