ಸ್ಟಾಕ್ ಫೈಲಿನ ಮೇಲೊಂದು ಟವಲ್

ಕಂಪ್ಯೂಟರ್ ಕೆಟ್ಟರೆ ರಿಪೇರಿ ಮಾಡಬಹುದು. ಅದರ ಮುಂದೆ ಕೂತವರ ಬುದ್ಧಿ ಕೆಟ್ಟರೆ ನಾನು ಬೈಕ್ ಹತ್ತಬೇಕು. ವಾರಕ್ಕೊಮ್ಮೆಯಾದರೂ ಹತ್ತುತ್ತೇನೆ.

ನಮ್ಮದು ಗೊಬ್ಬರ, ಬಿತ್ತನೆ ಬೀಜ ಮಾರುವ ಕಂಪನಿ. ಹುಣಸೂರಿನಲ್ಲಿ ಹೆಡ್ಡಾಫೀಸು, ಸುತ್ತಲ ಮೂರು ತಾಲ್ಲೂಕಿನಲ್ಲಿ ಬ್ರಾಂಚು. ಸ್ಟಾಕ್ ಫೈಲು ಇರುವುದು ಹುಣಸೂರಿನ ಸರ್ವರಿನಲ್ಲಿ. ಬ್ರಾಂಚಿನವರು ವಿಪಿಎನ್ ಮೂಲಕ ಬಂದು ಅದರಲ್ಲಿ ಬರೆಯಬೇಕು. ವಿಪಿಎನ್ ಎಂದರೆ ಇಂಟರ್‌ನೆಟ್ಟಿನಲ್ಲಿ ನಮ್ಮವರಿಗಷ್ಟೇ ಇರುವ ಬೀಗ ಹಾಕಿದ ದಾರಿ. ಆ ಬೀಗ ತೆಗೆಯಲು ಬಾರದವರನ್ನು ಹುಡುಕಿ ಹುಡುಕಿ ಮ್ಯಾನೇಜರ್ ಮಾಡಿದ್ದಾರೆ.

ದಿನಾ ಮಾಡ್ಬೇಕಾ?

ಕೆ.ಆರ್. ನಗರದ ಮ್ಯಾನೇಜರ್ ಫೋನ್ ಮಾಡಿದರು. "ಫೋಲ್ಡರೇ ಕಾಣ್ತಿಲ್ಲ ಕಣಪ್ಪ. ಅಳಿಸ್ಬುಟ್ಟಿದ್ದೀಯಾ?"

"ವಿಪಿಎನ್ ಕನೆಕ್ಟ್ ಮಾಡಿದ್ದೀರಾ ಸಾರ್?"

"ಮಾಡಿವ್ನಿ."

ಬಿಸಿಲಲ್ಲಿ ಹೋಗಿ ನೋಡಿದರೆ ಮಾಡಿರಲಿಲ್ಲ. ಕೇಳಿದ್ದಕ್ಕೆ, "ಓದ್ವಾರ ಮಾಡಿದ್ನಲ್ಲ, ದಿನಾ ಮಾಡ್ಬೇಕಾ?" ಎಂದರು.

"ಹೋದ್ವಾರ ಊಟಾನೂ ಮಾಡಿದ್ರಲ್ಲ ಸಾರ್" ಅಂದೆ.

ವಿಪಿಎನ್ ಅರ್ಥವಾಗದ ತಲೆಗೆ ಇದು ಮಾತ್ರ ಥಟ್ಟನೆ ಅರ್ಥವಾಯಿತು. ನಾನು ಹುಣಸೂರು ತಲುಪುವ ಮೊದಲೇ ದೂರು ತಲುಪಿತ್ತು. ಕಂಪನಿ ಯಜಮಾನರು ಕರೆದು, "ಇನ್ನೊಂದು ಕಂಪ್ಲೇಂಟ್ ಬಂದ್ರೆ ಮನೆ ದಾರಿ ಇಡ್ಕೊ" ಅಂದರು. ಮನೆಯಲ್ಲಿ ದುಡಿಯುವವನು ನಾನೊಬ್ಬನೇ. ಅಂದಿನಿಂದ ನನ್ನ ನಾಲಿಗೆಗೂ ಬೀಗ ಬಿತ್ತು.

ಭಾವ ಒಳಗೆ, ಭಾಮೈದ ಹೊರಗೆ

ಪಿರಿಯಾಪಟ್ಟಣದ ಮ್ಯಾನೇಜರ್ ಈ ಕೆ.ಆರ್. ನಗರದವರಿಗೆ ಸ್ವಂತ ಭಾವ. ಒಂದು ವಾರ ಇಬ್ಬರದೂ ಒಂದೇ ಗೋಳು: ಲಾಗಿನ್ ಆದ ಸ್ವಲ್ಪ ಹೊತ್ತಿಗೆ ವಿಪಿಎನ್ ಕಟ್ ಆಗುತ್ತದೆ. ಕೇಬಲ್ ಬದಲಾಯಿಸಿದೆ, ರೂಟರ್ ಬದಲಾಯಿಸಿದೆ, ಬೈಗುಳ ತಿಂದೆ. ಕೊನೆಗೆ ಸರ್ವರಿನಲ್ಲಿ ನೋಡಿದರೆ ಇಬ್ಬರೂ ಭಾವನ ಹೆಸರಿನಲ್ಲೇ ಒಳಗೆ ಬರುತ್ತಿದ್ದಾರೆ. ಒಂದು ಹೆಸರಿಗೆ ಒಬ್ಬರಿಗೇ ಜಾಗ. ಎರಡನೆಯವರು ಬಂದರೆ ಮೊದಲನೆಯವರು ಹೊರಗೆ. ಇಬ್ಬರೂ ಒಬ್ಬರನ್ನೊಬ್ಬರು ಆಚೆ ತಳ್ಳುತ್ತಾ ನನ್ನನ್ನು ಬೈದಿದ್ದರು.

"ಪಾಸ್‌ವರ್ಡ್ ಯಾಕೆ ಕೊಟ್ರಿ ಸಾರ್?"

"ಅವನ್ದು ಮರ್ತೋಯ್ತಂತೆ. ಭಾಮೈದ ಬಾಯ್ಬುಟ್ಟು ಕೇಳ್ದಾಗ ಇಲ್ಲ ಅಂದ್ರೆ, ಮನೇಲಿ ಅವನಕ್ಕ ನಂಗೆ ಊಟ ಇಕ್ತಾಳಾ?"

ಕೋಟೆಯ ಬುದ್ಧಿವಂತ

ಎಚ್.ಡಿ. ಕೋಟೆಯ ಮ್ಯಾನೇಜರ್ ತಾವು ಬುದ್ಧಿವಂತರೆಂದು ನಂಬಿದವರು. ದಡ್ಡರಿಗಿಂತ ಇವರ ಕಾಟ ಹೆಚ್ಚು. ಸ್ಟಾಕ್ ಫೈಲನ್ನು ಒಬ್ಬರು ತೆರೆದಿಟ್ಟರೆ ಉಳಿದವರು ನೋಡಬಹುದು, ಬರೆಯುವಂತಿಲ್ಲ. ಒಂದು ಮಧ್ಯಾಹ್ನ ಯಾವ ಬ್ರಾಂಚಿಗೂ ಬರೆಯಲಾಗದಿದ್ದಾಗ ಸರ್ವರಿನಲ್ಲಿ ಅವರ ಹೆಸರು ನೋಡಿ ಕೋಟೆಗೆ ಹೋದೆ. ಫೈಲು ಅವರ ಮೇಜಿನ ಕಂಪ್ಯೂಟರಿನಲ್ಲಿ ತೆರೆದಿತ್ತು, ಅವರು ಮನೆಯಲ್ಲಿ ಮುದ್ದೆ ಉಣ್ಣುತ್ತಿದ್ದರು. ತೇಗುತ್ತಾ ಬಂದು ಹೇಳಿದರು:

"ಬೆಳಗ್ಗೇನೇ ತೆಗ್ದಿಟ್ಬುಡ್ತೀನಿ ಕಣಪ್ಪ. ಬಸ್ ಬಂದೇಟ್ಗೆ ಕಿಟಕೀಲಿ ಸೀಟಿಗೆ ಟವಲ್ ಆಕಲ್ವಾ? ಅಂಗೆ. ಆಮೇಲ್ ಬಂದವ್ರು ನಿಂತ್ಕಳ್ಲಿ."

ಸ್ವಂತ ಬಸ್ಸು

ಯೂರಿಯಾ ಲೋಡು ಬಂದ ದಿನ. ಬ್ರಾಂಚುಗಳ ಮುಂದೆ ರೈತರ ಸಾಲು. ಸ್ಟಾಕ್ ಬರೆಯದೆ ಚೀಲ ಇಳಿಸುವಂತಿಲ್ಲ, ಫೈಲಿನಲ್ಲಿ ಯಾರಿಗೂ ಬರೆಯಲಾಗುತ್ತಿಲ್ಲ. ಮೂವರು ಮ್ಯಾನೇಜರುಗಳೂ ಯಜಮಾನರಿಗೆ ಫೋನ್ ಮಾಡಿ ನನ್ನ ಜಾತಕ ಬಿಚ್ಚಿದರು. ಯಜಮಾನರು ಮನೆಯಿಂದ ಬಂದವರೇ ಆಫೀಸಿನವರೆಲ್ಲರ ಎದುರಿಗೆ, "ಸಂಜೆಯೊಳ್ಗೆ ಸರಿ ಓಗ್ದಿದ್ರೆ ನಾಳೆಯಿಂದ ಬರ್ಬ್ಯಾಡ" ಎಂದು ಹೇಳಿ, ನನ್ನ ಹಿಂದೆಯೇ ಸರ್ವರ್ ಕೋಣೆಗೆ ಬಂದು ನಿಂತರು.

ಫೈಲು ಯಾರ ಬಳಿ ತೆರೆದಿದೆ ಎಂದು ಸರ್ವರಿನಲ್ಲಿ ನೋಡಿದೆ. ಹೆಸರು ಕಂಡಿತು.

"ಸಾರ್, ನಿಮ್ಮನೇಲಿ ಲ್ಯಾಪ್‌ಟಾಪ್ ಆನ್ ಇದ್ಯಾ?"

"ಅದೆ. ಅದ್ಕೂ ಇದ್ಕೂ ಏನ್ಲಾ?"

ಸ್ಕ್ರೀನನ್ನು ಅವರ ಕಡೆ ತಿರುಗಿಸಿದೆ. ತಮ್ಮ ಹೆಸರನ್ನೇ ಹೊಸದಾಗಿ ಅಕ್ಷರ ಕಲಿತವರಂತೆ ಓದಿದರು. ದನಿ ಇಳಿಯಿತು. "ಕೋಟೆಯವ್ನು ಯೋಳ್ಕೊಟ್ಟ ಕಣ್ಲಾ. ಬೆಳಗ್ಗೇನೇ ತೆಗ್ದಿಟ್ರೆ ಬ್ಯಾರೆಯವ್ರು ಕೈ ಇಕ್ಕಕಾಗಲ್ವಂತೆ."

ನಾಲಿಗೆಯ ಬೀಗ ತಾನೇ ಕಳಚಿತು. "ಕಂಪನೀನೇ ನಿಮ್ದು ಸಾರ್. ಸ್ವಂತ ಬಸ್ಸಿಗೆ ಯಾರಾದ್ರೂ ಟವಲ್ ಹಾಕ್ತಾರಾ?"

ಯಜಮಾನರು ಮನೆಗೆ ಫೋನ್ ಮಾಡಿ ಲ್ಯಾಪ್‌ಟಾಪ್ ಮುಚ್ಚಿಸಿದರು. ಆಮೇಲೆ ಕೋಣೆಯ ಬಾಗಿಲು ತೆರೆದು, "ವಿಪಿಎನ್ ಕೆಟ್ಟೋಗಿತ್ತು ಕಣ್ರಪ್ಪ, ಸರಿ ಮಾಡ್ಸಿವ್ನಿ" ಎಂದು ಎಲ್ಲರಿಗೂ ಸಾರಿದರು.

ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು: "ನಾಳೆ ಒಸಿ ಬೇಗ್ನೆ ಬಂದ್ಬುಡಪ್ಪ."