ಹೊಂಗೆ ಮರದ ಕೆಂಪು ಟವೆಲ್

ಬಟವಾಡಿಯಲ್ಲಿ ಮೂವತ್ತೈದು ವರ್ಷದಿಂದ ಜನರಿಗೆ ಬಟ್ಟೆ ಹೊಲಿದುಕೊಟ್ಟುಕೊಂಡು ಬಂದವನು ನಾನು. ಆದರೆ ನನ್ನ ಫಜೀತಿಗಳೆಲ್ಲ ಬಟ್ಟೆಯೇ ಇಲ್ಲದ ಕಡೆ ನನ್ನನ್ನು ಹುಡುಕಿಕೊಂಡು ಬರುತ್ತವೆ.

ಗುಬ್ಬಿ ದಾಟಿ ಸ್ವಲ್ಪ ದೂರ ಹೋದರೆ ಶಿಂಷಾ ಹೊಳೆ ಒಂದು ಕಡೆ ಬಾಗುತ್ತದೆ. ಅಲ್ಲೊಂದಿಷ್ಟು ಹುಲ್ಲು, ಹೊಂಗೆ ಮರದ ನೆರಳು, ಎದೆಮಟ್ಟದ ನೀರು. ಬೋರ್ಡಿಲ್ಲ, ಗೇಟಿಲ್ಲ, ಆದರೂ ನಾವು ಅದನ್ನು ಪಾರ್ಕು ಅನ್ನುತ್ತಿದ್ದೆವು. ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಜನ ಗಂಡಸರು, ಎಲ್ಲ ಐವತ್ತು ದಾಟಿದವರು, ಬಂದು ನೀರಿಗಿಳಿಯುತ್ತಿದ್ದರು. ಮೈಮೇಲೆ ಬಟ್ಟೆ ಇರಲೇಬೇಕು ಅಂತೇನೂ ಇರಲಿಲ್ಲ. ಇದ್ದರೂ ಯಾರೂ ಬೈಯುತ್ತಿರಲಿಲ್ಲ.

ನಿಯಮ ಎರಡೇ. ದಾರಿಯ ತಿರುವಿನಲ್ಲಿರುವ ಹೊಂಗೆ ಮರಕ್ಕೆ ಕೆಂಪು ಟವೆಲ್ ನೇತುಹಾಕಬೇಕು, ಅದು ಕಂಡರೆ ಹೆಂಗಸರು ಹೊಳೆಯ ಮೇಲ್ಗಡೆಯ ಮೆಟ್ಟಿಲುಗಳ ಕಡೆಗೆ ಹೋಗುತ್ತಾರೆ. ಇನ್ನೊಂದು, ನೀರಿನಲ್ಲಿ ಯಾರೂ ಯಾರನ್ನೂ ಹೆಸರೇನು, ಯಾವೂರು, ಯಾವ ಜನ, ಏನು ಕೆಲಸ ಅಂತ ಕೇಳಬಾರದು. ಈ ನಾಲ್ಕು ಪ್ರಶ್ನೆ ಬಿಟ್ಟರೆ ನಮ್ಮ ಕಡೆಯವರಿಗೆ ಮಾತು ಶುರುಮಾಡುವುದೇ ಕಷ್ಟ. ಮೊದಮೊದಲು ಎಲ್ಲರೂ ಬರೀ ಹವಾಮಾನ ಮಾತಾಡಿದೆವು.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವನು ಬಾಲ್ಯದ ಗೆಳೆಯ, ಬಸ್ ಕಂಡಕ್ಟರ್. ಮಗಳಿಗೆ ಬಂದ ಮೂರು ಸಂಬಂಧ ತಪ್ಪಿಹೋಗಿ ನಾನು ಊಟ ಸೇರದೆ ಕೂತಿದ್ದ ಕಾಲ ಅದು. "ಬಾರ್ಲಾ, ನೀರಲ್ಲಿ ಒಂದ್ ಗಂಟೆ ಕೂತ್ಕೊ. ತಲೆಭಾರ ಇಳೀತದೆ" ಅಂದ.

ಸೂಲಗಿತ್ತಿ

ಗೆಳೆಯ ನನಗೆ ಎರಡನೇ ನಿಯಮ ಹೇಳಿ, ಮೊದಲನೆಯದನ್ನು ಹೇಳುವುದು ಮರೆತಿದ್ದ. ಮೊದಲ ದಿನ ಎಲ್ಲರಿಗಿಂತ ಹಿಂದೆ ಬಂದ ನಾನು ಮರದ ಮೇಲಿನ ಟವೆಲ್ ನೋಡಿದೆ. ಬಟ್ಟೆ ಕಂಡರೆ ಮಡಚುವ ಚಾಳಿ ನನಗೆ. ಯಾರೋ ಮರೆತಿರಬೇಕು ಅಂತ ತೆಗೆದು, ನೀಟಾಗಿ ನಾಲ್ಕು ಮಡಿಕೆ ಮಾಡಿ, ದಡದಲ್ಲಿಟ್ಟು ನೀರಿಗಿಳಿದೆ.

ಕಾಲು ಗಂಟೆಗೆ ಮಹಿಳಾ ಸಂಘದ ಇಪ್ಪತ್ತು ಜನ ಬುತ್ತಿ ಸಮೇತ ಬಂದು ಹುಲ್ಲಿನ ಮೇಲೆ ಕೂತರು. ನಾವು ಹನ್ನೆರಡು ಜನ ಕುತ್ತಿಗೆವರೆಗೆ ನೀರಿನಲ್ಲಿ. ಅವರು ಚಿತ್ರಾನ್ನ ತಿಂದರು, ಮೊಸರನ್ನ ತಿಂದರು, ಎಲೆ ಅಡಿಕೆ ಹಾಕಿಕೊಂಡರು. ನಮ್ಮ ಬೆರಳೆಲ್ಲ ಸುಕ್ಕಾದವು. ಕೊನೆಗೆ ಒಬ್ಬ ಅಜ್ಜಿ ನಮ್ಮ ಕಡೆ ತಿರುಗಿ ಹೇಳಿದಳು:

"ಎದ್ದೋಗ್ರಪ್ಪ, ಸೀತ ಆಯ್ತದೆ. ಈ ಸುತ್ತಿನ ಅರ್ಧ ಜನಕ್ಕೆ ಹೆರಿಗೆ ಮಾಡ್ಸಿರೋಳು ನಾನು. ನಂಗೆ ಹೊಸ್ದಾಗಿ ತೋರ್ಸಕ್ಕೆ ನಿಮ್ತಾವ ಏನದೆ?"

ಯೂನಿಫಾರ್ಮು

ಒಂದು ಬೇಸಿಗೆಯಲ್ಲಿ ಒಬ್ಬರು ಪೊಲೀಸಿನವರು ಬೈಕಲ್ಲಿ ಬಂದರು. ಯಾರೋ ದೂರು ಹೇಳಿದ್ದರಂತೆ. ದಡದಲ್ಲಿ ನಿಂತು, "ಯಾರ್ರೀ ನೀವೆಲ್ಲ? ಐಡಿ ಕಾರ್ಡ್ ತೆಗೀರಿ" ಅಂದರು.

ನನ್ನ ಗೆಳೆಯ ನೀರಿನಿಂದಲೇ ಕೈ ಮುಗಿದ. "ಎಲ್ಲಿಂದ ತೆಗೀಲಿ ಸಾರ್, ನೀವೇ ಹೇಳಿ."

ಅವರಿಗೂ ನಗು ತಡೆಯಲಾಗಲಿಲ್ಲ. ಬಿಸಿಲು ಸುಡುತ್ತಿತ್ತು. ಅತ್ತಿತ್ತ ನೋಡಿ, "ಒಂದೈದ್ ನಿಮಿಷ ಮಾತ್ರ" ಅಂತ ಯೂನಿಫಾರ್ಮನ್ನು ಹೊಂಗೆ ಮರಕ್ಕೆ ನೇತುಹಾಕಿ ಇಳಿದರು. ಎರಡು ಗಂಟೆ ಮೇಲೇಳಲಿಲ್ಲ. ಅಷ್ಟರಲ್ಲಿ ಕದ್ದು ಮರಳು ತುಂಬಲು ಬಂದ ಟ್ರಾಕ್ಟರ್ ಒಂದು ಮರದ ಮೇಲಿನ ಖಾಕಿ ನೋಡಿ ಬಂದ ದಾರಿಯಲ್ಲೇ ಓಡಿಹೋಯಿತು. ಅವರ ಸರ್ವಿಸಿನಲ್ಲಿ ಅಷ್ಟು ಸುಲಭದ ಡ್ಯೂಟಿ ಇನ್ನೊಂದಿರಲಿಲ್ಲವಂತೆ.

ಎಡಭುಜ

ಆ ವರ್ಷದ ಕೊನೆಗೆ ಮಗಳಿಗೆ ಕುಣಿಗಲ್ಲಿನ ಸಂಬಂಧ ಬಂತು, ಬ್ರೋಕರ್ ಮೂಲಕ. ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿ ಆಗಲೇ ಮೆಚ್ಚಿಕೊಂಡಿದ್ದರು. ಇದೂ ತಪ್ಪಿದರೆ ಮಗಳ ಮುಖ ನೋಡುವುದು ಹೇಗೆ ಅಂತ ನನಗೆ ನಿಜವಾಗಿ ಭಯವಿತ್ತು. ಹಬ್ಬದ ಹೊಲಿಗೆಯ ಒತ್ತಡದಲ್ಲಿ ಹೆಣ್ಣು ನೋಡುವ ಶಾಸ್ತ್ರವನ್ನು ಮೂರು ಸಲ ಮುಂದಕ್ಕೆ ಹಾಕಿದ್ದೆ. ಹುಡುಗನ ಅಪ್ಪನೋ ಬ್ರೋಕರ್ ಕೈಲಿ ದಿನಾ ಒಂದು ಹೇಳಿಕಳಿಸುತ್ತಿದ್ದರು: ಛತ್ರ ಯಾವುದು, ಹೋಳಿಗೆ ಬೇಳೆಯದೋ ಕಾಯಿಯದೋ.

ಭಾನುವಾರ ನೀರಿನಲ್ಲಿ ಪಕ್ಕದವರ ಹತ್ತಿರ ಗೋಳು ಹೇಳಿಕೊಂಡೆ. ಆರೇಳು ತಿಂಗಳಿಂದ ಬರುತ್ತಿದ್ದವರು, ಹೆಸರು ಗೊತ್ತಿಲ್ಲ. ಎಡಭುಜ ಅರ್ಧ ಇಂಚು ಕೆಳಗೆ, ಸೊಂಟ ನಲವತ್ತೆರಡು, ಅಷ್ಟು ಮಾತ್ರ ಗೊತ್ತು.

"ಹೆಣ್ಣೇ ನೋಡಿಲ್ಲ, ಆಗ್ಲೇ ಹೋಳ್ಗೆ ಕೇಳ್ತವ್ನೆ ಆ ಮನುಷ್ಯ" ಅಂದೆ.

"ಅಂಥ ಹೊಟ್ಟೆಬಾಕನ ಮನೇಗ್ ಹೆಣ್ ಕೊಡ್ಬೇಡಿ ಸಾರ್" ಅಂದರು ಅವರು. "ನಂದೂ ಅದೇ ಪಾಡು. ಹುಡ್ಗಿ ಅಪ್ಪ ಮೂರ್ ಸಲ ಮುಂದಕ್ಕ್ ಹಾಕವ್ನೆ. ಮಾತಿನ ಮೇಲೆ ನಿಲ್ಲಲ್ಲ."

"ಅಂಥೋರ ಸಹವಾಸ ಬ್ಯಾಡ ಬುಡಿ" ಅಂತ ನಾನೂ ಗಟ್ಟಿಯಾಗಿ ಹೇಳಿದೆ.

ಮನೆಗೆ ಬಂದು, ಈ ಸಂಬಂಧ ಬೇಡ ಅಂದೆ. ಹೆಂಡತಿ, "ಹೊಳೇಲಿ ಯಾರೋ ಹೇಳಿದ್ರು ಅಂತ ಮಗಳ ಮದುವೆ ಬಿಡ್ತೀರಾ?" ಅಂತ ಒಂದೇ ಮಾತಿನಲ್ಲಿ ಮುಗಿಸಿದಳು. ಅತ್ತ ಕುಣಿಗಲ್ಲಿನಲ್ಲೂ ಹೀಗೇ ಆಗಿತ್ತೆಂದು ಆಮೇಲೆ ತಿಳಿಯಿತು.

ಶುಕ್ರವಾರ ಅವರು ಬಂದರು. ಹುಡುಗನ ಅಪ್ಪ ಇಸ್ತ್ರಿ ಷರ್ಟು, ಕನ್ನಡಕ, ಹಣೆ ತುಂಬ ವಿಭೂತಿ. ಗುರುತು ಸಿಗಲಿಲ್ಲ. ಆದರೆ ಷರ್ಟಿನ ಎಡಭುಜ ಜೋತುಬಿದ್ದಿತ್ತು. ಅರ್ಧ ಇಂಚು. ಉಪ್ಪಿಟ್ಟಿನ ತಟ್ಟೆಯನ್ನು ಅವರ ಮುಂದೆ ಹಿಡಿದೆ. "ತಗೊಳ್ಳಿ" ಅಂದೆ. ನನ್ನ ದನಿ ಕೇಳಿ ಅವರು ತಲೆಯೆತ್ತಿ ನೋಡಿ ಬೆಪ್ಪಾದರು.

ತಟ್ಟೆ ಇಬ್ಬರ ನಡುವೆಯೇ ಉಳಿಯಿತು. ಬಾಗಿಲ ಹಿಂದೆ ಮಗಳ ಬಳೆ ಸದ್ದು ನಿಂತಿತು. ಬ್ರೋಕರ್ ಬೆವರು ಒರೆಸಿಕೊಂಡ. ಇದೂ ಹೋಯಿತು ಅಂದುಕೊಂಡೆ.

ಅವರ ಹೆಂಡತಿ ಕೇಳಿದರು, "ಯಾಕ್ರೀ, ಇವರು ಮೊದ್ಲೇ ಗೊತ್ತಾ ನಿಮಗೆ?"

ಅವರು ನಿಧಾನಕ್ಕೆ ತಟ್ಟೆ ತೆಗೆದುಕೊಂಡರು. "ಚೆನ್ನಾಗ್ ಗೊತ್ತು ಕಣೇ. ಮುಚ್ಚುಮರೆ ಇಲ್ಲದ ಮನುಷ್ಯ. ತಾಂಬೂಲ ಇವತ್ತೇ ಬದಲಾಯಿಸಿಬಿಡೋಣ."

ಈಗ ಹೊಳೆ ದಂಡೆಗೆ ಟೈಲ್ಸ್ ಹಾಕಿ, ಗೇಟಿಟ್ಟು, ನಿಜವಾದ ಪಾರ್ಕೇ ಮಾಡಿದ್ದಾರೆ. ಹೊಂಗೆ ಮರ ಇದೆ, ಟವೆಲ್ ಇಲ್ಲ. ಬೀಗರೂ ನಾನೂ ಮೈತುಂಬ ಬಟ್ಟೆ ಹಾಕಿಕೊಂಡು ಬೆಂಚಿನ ಮೇಲೆ ಕೂತು ನೀರು ನೋಡಿಕೊಂಡು ಬರುತ್ತೇವೆ. ಆ ಭಾನುವಾರಗಳು ನೆನಪಾದರೆ ಹೊಂಗೆ ಮರದ ಕಡೆ ಒಮ್ಮೆ ತಿರುಗಿ ನೋಡುತ್ತೇವೆ. ಅವರ ಷರ್ಟನ್ನು ಈಗ ನಾನೇ ಹೊಲಿಯುತ್ತೇನೆ, ಅಳತೆ ತೆಗೆಯುವುದಿಲ್ಲ.

ಅವತ್ತು ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಗೆ ಅರ್ಧ ಮಾತಷ್ಟೇ ಕೇಳಿಸಿತ್ತು; ಬೀಗರು ನನಗೆ ಹೊಳೆಯಲ್ಲೇ ಪರಿಚಯವಾದವರೆಂದು ಅವಳಿಗೆ ಇನ್ನೂ ಗೊತ್ತಿಲ್ಲ. ಯಾವ ಮದುವೆಗೆ ಹೋದರೂ ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳುತ್ತಾಳೆ: "ನಮ್ಮೆಜಮಾನ್ರನ್ನ ಬೀಗರು ಒಂದೇ ನೋಟಕ್ಕೆ ಎಷ್ಟ್ ಸರಿಯಾಗ್ ಅಳೆದುಬಿಟ್ರು ಗೊತ್ತಾ? ಮುಚ್ಚುಮರೆ ಇಲ್ಲದ ಮನುಷ್ಯ ಅಂದ್ರು."