ಉಸ್ತಾದರ ಬ್ಯಾಟರಿ ಶಾಸ್ತ್ರ

ಲ್ಯಾಪ್‌ಟಾಪಿನ ಬ್ಯಾಟರಿ ಎಂಬುದು ನೂರ್‌ಜಹಾನಳ ಲೆಕ್ಕದಲ್ಲಿ ಬ್ಯಾಟರಿಯೇ ಅಲ್ಲ. ಬ್ಯಾಟರಿ ಎಂದರೆ ಲಾರಿಯದು. ಅದನ್ನು ಇಬ್ಬರು ಹಿಡಿದು ಇಳಿಸಬೇಕು, ಇಳಿಸುವಾಗ ಒಬ್ಬನ ಪ್ಯಾಂಟಿಗಾದರೂ ಆ್ಯಸಿಡ್ ಬಿದ್ದು ತೂತಾಗಬೇಕು. ಅಂಥ ಬ್ಯಾಟರಿಗಳು ಸತ್ತು ಬಂದು, ಗಂಡ ಅಕ್ರಂನ ಕೈಯಲ್ಲಿ ನೀರು ಕುಡಿದು, ಎದ್ದು ಹೋಗುವುದನ್ನು ಅವಳು ಮದುವೆಯಾಗಿ ಜನ್ನಾಪುರಕ್ಕೆ ಬಂದಾಗಿನಿಂದ ನೋಡಿದ್ದಳು. ಆದ್ದರಿಂದ ಅಕ್ರಂನನ್ನು ಉಸ್ತಾದ್ ಎಂದು ಕರೆದು ಕೆಲಸ ಕಲಿತ ಅಂಗಡಿಯ ಮೆಕ್ಯಾನಿಕ್ ನದೀಮ್, ಲ್ಯಾಪ್‌ಟಾಪಿನ ಬ್ಯಾಟರಿ ಹೋಗಿದೆ, ಹೊಸದು ತರಿಸದೆ ಗತಿಯಿಲ್ಲ ಎಂದಾಗ ಅವಳಿಗೆ ನಗು ಬಂತು. ಗಂಡ ಹೋದ ಮೇಲೆ ಬಂದ ಮೊದಲನೆಯ ನಗು ಅದು.

"ಬಿಸ್ಕತ್ ಪೊಟ್ಟಣದಷ್ಟಿಲ್ಲ, ಇದಕ್ಕೊಂದು ಸಾವು ಬೇರೆ. ಸಂಜೆಯೊಳಗೆ ಎಬ್ಬಿಸಿ ಕೂರಿಸ್ತೀನಿ, ನೋಡ್ತಾ ಇರು" ಎಂದಳು.

ಅಕ್ರಂ ಒಂದು ಮಧ್ಯಾಹ್ನ ಊಟ ಮಾಡಿ ಕೈ ತೊಳೆಯಲು ಎದ್ದವನು ಅಲ್ಲೇ ಕುಸಿದಿದ್ದ. ಅಷ್ಟೆ. ಗಂಡ ಸತ್ತವಳು ಹೊರಗೆ ಬರಬಾರದ ಇದ್ದತ್ತಿನ ದಿನಗಳನ್ನೆಲ್ಲ ನೂರ್‌ಜಹಾನ್ ಮನೆಯೊಳಗೇ ಕಳೆದಳು. ಅವು ಮುಗಿದ ಮರುದಿನ ಬೆಳಗ್ಗೆ ಹೋಗಿ ಅಂಗಡಿಯ ಷಟರ್ ಎತ್ತಿದಳು. ಇದು ಮೈದುನ ಮೊಹ್ಸಿನನಿಗೆ ಸರಿಬರಲಿಲ್ಲ. ಅವನು ಶಿವಮೊಗ್ಗದ ವಿನೋಬನಗರದಲ್ಲಿ ಮೊಬೈಲು, ಲ್ಯಾಪ್‌ಟಾಪು ರಿಪೇರಿ ಮಾಡುತ್ತಾನೆ. ಕೆಟ್ಟವನಲ್ಲ. ಓದು ಬರಹ ಅಷ್ಟಕ್ಕಷ್ಟೆ ಇರುವ ಅತ್ತಿಗೆ ಆ್ಯಸಿಡ್ ನಡುವೆ ಕೂತು ಒದ್ದಾಡುವುದು ಬೇಡ, ಅಂಗಡಿಯನ್ನು ಬಾಡಿಗೆಗೆ ಕೊಟ್ಟು ಮನೆಯಲ್ಲಿ ನೆಮ್ಮದಿಯಾಗಿರಲಿ ಎಂಬುದು ಅವನ ಆಸೆ. ಗೋಬಿ ಮಂಚೂರಿ ಮಾಡುವ ಒಬ್ಬನನ್ನು ಗೊತ್ತು ಮಾಡಿಯೂ ಆಗಿತ್ತು. ಆ ಮಹಾಶಯ ಟೇಪು ಹಿಡಿದು ಬಂದು, ಅಕ್ರಂ ಬ್ಯಾಟರಿ ಚಾರ್ಜಿಗೆ ಇಡುತ್ತಿದ್ದ ಜಾಗದಲ್ಲಿ ತನ್ನ ಬಾಂಡ್ಲಿ ಕೂರುತ್ತದೋ ಇಲ್ಲವೋ ಎಂದು ಅಳೆದು ಹೋಗಿದ್ದ. ಬಾಂಡ್ಲಿ ಕೂರುತ್ತಿತ್ತು.

ನೂರ್‌ಜಹಾನ್ ಮೊಹ್ಸಿನನ ಜೊತೆ ಫೋನಿನಲ್ಲೇ ಒಂದು ಪಂಥ ಕಟ್ಟಿದಳು. ಆಯನೂರಿನ ಕರಿಯಣ್ಣನ ಪಿಕಪ್ ಗಾಡಿ ನಾಳೆ ಬರುತ್ತದೆ. ಅದನ್ನು ಸರಿಮಾಡಿ ಕಳಿಸಿದರೆ ಅಂಗಡಿ ನಡೆಯುತ್ತದೆ, ಆಗದೆ ಅವನು ಬೇರೆ ಗ್ಯಾರೇಜಿಗೆ ಹೋದರೆ ಬಾಂಡ್ಲಿ ಬರಲಿ. ಈ ಕರಿಯಣ್ಣ ಸಾಮಾನ್ಯ ಗಿರಾಕಿಯಲ್ಲ. ಅವನು ಗಾಡಿ ನಿಲ್ಲಿಸಿದ ಕಡೆಯೇ ಆಯನೂರಿನ ಉಳಿದ ಗಾಡಿಗಳೂ ನಿಲ್ಲುತ್ತವೆ. ಅವನು ಹೋದನೆಂದರೆ ಊರೇ ಹೋದಂತೆ. ಮೊಹ್ಸಿನ್ ಒಪ್ಪಿದ. ಏನಾದರೂ ತೊಂದರೆಯಾದರೆ ತನ್ನ ಹತ್ತಿರ ಬನ್ನಿ ಎಂದ. ನಿನ್ನ ಅಂಗಡಿಯ ಮೆಟ್ಟಿಲು ಹತ್ತುವ ಕಾಲ ನನಗೆ ಬರುವುದಿಲ್ಲ ಎಂದು ಇವಳು ಫೋನಿಟ್ಟಳು.

ಈಗಿನ ಗಾಡಿಗಳ ರೋಗ ಕಿವಿಗೆ ಕೇಳಿಸುವುದಿಲ್ಲ. ಸ್ಟೇರಿಂಗಿನ ಕೆಳಗೆ ಒಂದು ಸಣ್ಣ ಡಬ್ಬಿ ಸಿಕ್ಕಿಸಬೇಕು. ಡಬ್ಬಿಯಿಂದ ಲ್ಯಾಪ್‌ಟಾಪಿಗೆ ವೈರು. ಆಗ ಗಾಡಿ ತನ್ನ ನೋವನ್ನೆಲ್ಲ ಹೇಳಿಕೊಳ್ಳುತ್ತದೆ, ಲ್ಯಾಪ್‌ಟಾಪ್ ತೋರಿಸುತ್ತದೆ. ಆದರೆ ಅಂದು ಆನ್ ಮಾಡಿದ ಕೂಡಲೇ ಲ್ಯಾಪ್‌ಟಾಪ್ ತನ್ನ ನೋವನ್ನೇ ಹೇಳಿಕೊಂಡಿತು. ಡಬ್ಬಿಯೊಳಗಿನ ಪ್ರೋಗ್ರಾಂ ಹಳೆಯದಾಗಿದೆಯಂತೆ. ಕರಿಯಣ್ಣನ ಹೊಸ ಗಾಡಿಯ ಗುರುತೇ ಅದಕ್ಕಿಲ್ಲವಂತೆ. ಹೊಸ ಪ್ರೋಗ್ರಾಂ ತುಂಬಬೇಕಾದರೆ ಲ್ಯಾಪ್‌ಟಾಪಿನ ಬ್ಯಾಟರಿ ಅರ್ಧಕ್ಕಿಂತ ಮೇಲಿರಬೇಕಂತೆ. ಆ ಬ್ಯಾಟರಿಯೋ, ಚಾರ್ಜರಿನ ವೈರು ಒಂದಿಷ್ಟು ಅಲುಗಿದರೆ ಕಣ್ಣು ಮುಚ್ಚುತ್ತಿತ್ತು.

ನೂರ್‌ಜಹಾನ್ ಸೆರಗು ಸಿಕ್ಕಿಸಿ ವೈದ್ಯಕ್ಕೆ ಇಳಿದಳು.

ಬ್ಯಾಟರಿಯನ್ನು ಲ್ಯಾಪ್‌ಟಾಪಿನ ಹೊಟ್ಟೆಯಿಂದ ಕಳಚಿ ಮರದ ಹಲಗೆಯ ಮೇಲೆ ಮಲಗಿಸಿದಳು. ಬರಿ ನೆಲಕ್ಕಿಟ್ಟರೆ ನೆಲ ಚಾರ್ಜು ಹೀರಿಕೊಳ್ಳುತ್ತದೆ ಎಂದು ಅಕ್ರಂ ಹೇಳುತ್ತಿದ್ದ. ಆಮೇಲೆ ಡಿಸ್ಟಿಲ್ಡ್ ವಾಟರ್ ಬಾಟಲಿ ತೆಗೆದು, ನೀರು ಹಾಕುವ ಬಾಯಿ ಎಲ್ಲಿದೆಯೆಂದು ಹುಡುಕಿದಳು. ಹೊರಳಿಸಿ ನೋಡಿದಳು, ಕನ್ನಡಕ ಹಾಕಿಕೊಂಡು ನೋಡಿದಳು. ಬಾಯಿಯಿಲ್ಲ, ಮುಚ್ಚಳವಿಲ್ಲ. ಇದು ನೀರು ಕುಡಿಯುವ ಜಾತಿಯಲ್ಲ ಎಂದು ನದೀಮ್ ತಿಳಿಸಿ ಹೇಳಿದ. ನೀರೇ ಕುಡಿಯದಿದ್ದರೆ ಸಾಯದೆ ಇನ್ನೇನು ಎಂದು ಅವಳು ಬಾಟಲಿ ಬದಿಗಿಟ್ಟಳು. ಕೊಳೆ ಬಿಡಿಸಲೆಂದು ಟರ್ಮಿನಲ್ಲಿಗೆ ಬಿಸಿನೀರು ಸುರಿಯಲು ಕೆಟಲ್ ಹಿಡಿದು ಬಂದಾಗ ಮಾತ್ರ ನದೀಮ್ ಕೈ ಅಗಲಿಸಿ ಅಡ್ಡ ನಿಂತ. ಸ್ವಲ್ಪ ಹೊತ್ತು ಚೌಕಾಸಿ ನಡೆಯಿತು. ಬಿಸಿನೀರು ಬೇಡ, ಗ್ರೀಸ್ ಹಚ್ಚಬಹುದು ಎಂದು ರಾಜಿಯಾಯಿತು.

ಮಗುವಿನ ನೆತ್ತಿಗೆ ಎಣ್ಣೆ ಒತ್ತುವ ಹಾಗೆ ಅವಳು ಗ್ರೀಸ್ ಒತ್ತಿದಳು. ಒತ್ತಿದ್ದು ಜಾಸ್ತಿಯಾಯಿತು. ಮತ್ತೆ ಕೂರಿಸಿದಾಗ, ಬ್ಯಾಟರಿ ಎಂಬ ವಸ್ತು ತನ್ನೊಳಗೆ ಇದೆ ಎಂಬುದನ್ನೇ ಲ್ಯಾಪ್‌ಟಾಪ್ ಒಪ್ಪಲಿಲ್ಲ. ನದೀಮ್ ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಊಟದ ಹೊತ್ತಿನವರೆಗೆ ಗ್ರೀಸ್ ಕೆರೆದ. ಗ್ರೀಸಿನ ಜೊತೆ ಎಷ್ಟೋ ವರ್ಷದ ಕೊಳೆಯೂ ಬಂತು. ಮತ್ತೆ ಹಾಕಿದರೆ ಚಾರ್ಜಿಂಗ್ ದೀಪ ಹತ್ತಿಕೊಂಡಿತು.

"ಯಾರ ಶಾಸ್ತ್ರ ಇದು?" ಎಂದಳು ನೂರ್‌ಜಹಾನ್.

ನದೀಮ್ ತನ್ನ ಕರಿ ಬೆರಳುಗಳನ್ನು ನೋಡಿಕೊಂಡ.

ಮಧ್ಯಾಹ್ನವೆಲ್ಲ ಅವಳು ಲ್ಯಾಪ್‌ಟಾಪಿನ ಪಕ್ಕ ಕೂತು, ಆಗಾಗ ಅಂಗೈ ಇಟ್ಟು ಬಿಸಿ ನೋಡುತ್ತಿದ್ದಳು. ಇಳಿಹೊತ್ತಿನ ಅಸರ್ ನಮಾಜಿನ ವೇಳೆಗೆ ಬ್ಯಾಟರಿ ಅರ್ಧ ದಾಟಿತು. ನದೀಮ್ ಡಬ್ಬಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಬಟನ್ ಒತ್ತಿದ. ತೆರೆಯ ಮೇಲೆ ಕೆಂಪಕ್ಷರದಲ್ಲಿ ಏನೋ ಮೂಡಿತು. ಅಪ್‌ಡೇಟ್ ಮುಗಿಯುವವರೆಗೆ ಚಾರ್ಜರ್ ತೆಗೆಯಬಾರದು ಎಂದಿದೆ ಎಂದು ಅವನು ಓದಿ ಹೇಳಿದ. ನೂರ್‌ಜಹಾನ್ ತಲೆಯಾಡಿಸಿದಳು.

"ಕಂಪನಿಯೋನು ಹಂಗೇ ಬರೀತಾನೆ. ಬ್ಯಾಟರಿ ಬೇಗ ಕೆಟ್ರೆ ತಾನೆ ಅವನು ಹೊಸದು ಮಾರೋದು?"

ಕೆಂಪಕ್ಷರದ ಕೆಳಗೆ ಒಂದು ನೀಲಿ ಗೆರೆ ಎಡದಿಂದ ಬಲಕ್ಕೆ ತೆವಳತೊಡಗಿತು. ಅಷ್ಟರಲ್ಲಿ ಹೊರಗೆ ಯಾರೋ ಸ್ಕೂಟರ್ ತಂದು ನಿಲ್ಲಿಸಿದರು, ನದೀಮ್ ಎದ್ದು ಹೋದ. ಗೆರೆ ಮುಕ್ಕಾಲು ದಾರಿ ಮುಟ್ಟಿರಬೇಕು, ಬ್ಯಾಟರಿಯ ಲೆಕ್ಕ ಒಂದೇ ನೆಗೆತಕ್ಕೆ ಮೇಲೇರಿತು. ಚಾರ್ಜಿಂಗ್ ದೀಪ ಕಿತ್ತಳೆಯಿಂದ ಬೆಳ್ಳಗಾಯಿತು. ಫುಲ್.

ಫುಲ್ಲಾದ ಬ್ಯಾಟರಿಯ ವೈರು ಕೀಳದಿದ್ದರೆ ಏನಾಗುತ್ತದೆಂದು ಆ ಮನೆಯಲ್ಲಿ ಗೊತ್ತಿಲ್ಲದವರಿಲ್ಲ. ಬ್ಯಾಟರಿ ಕುದಿಯುತ್ತದೆ, ಆ್ಯಸಿಡ್ ಉಗುಳುತ್ತದೆ, ಒಳಗಿನ ಪ್ಲೇಟುಗಳು ಬಾಗುತ್ತವೆ. ಅಕ್ರಂ ಬಾಯಿಗಿಟ್ಟ ತುತ್ತನ್ನು ತಟ್ಟೆಗೆ ಹಾಕಿ ವೈರು ಕೀಳಲು ಓಡಿದ್ದುಂಟು. ಒಮ್ಮೆ ನೆಂಟರ ನಿಕಾಹ್ ನಡೆಯುವಾಗಲೇ ಎದ್ದು ಓಡಿದ್ದ. ನೂರ್‌ಜಹಾನ್ ಏನನ್ನೂ ಯೋಚಿಸಲಿಲ್ಲ. ಅವಳ ಕೈ ತಾನಾಗಿ ಹೋಗಿ ಪ್ಲಗ್ಗನ್ನು ಕಿತ್ತಿತು.

ಬ್ಯಾಟರಿ ಫುಲ್ಲಾಗಿರಲಿಲ್ಲ. ಸುಳ್ಳು ಹೇಳಿತ್ತು. ಲ್ಯಾಪ್‌ಟಾಪ್ ಒಂದು ಸಲ ನಿಟ್ಟುಸಿರುಬಿಟ್ಟು ಕಪ್ಪಾಯಿತು. ಡಬ್ಬಿಯ ಹಸಿರು ದೀಪ ಎರಡು ಸಲ ಮಿಟುಕಿ ಆರಿತು.

ನದೀಮ್ ಬಂದು ನೋಡಿ, ಅಲ್ಲೇ ಇದ್ದ ಲಾರಿ ಬ್ಯಾಟರಿಯ ಮೇಲೆ ಕೂತುಬಿಟ್ಟ. ವೈರು ಹಾಕಿದ ಮೇಲೆ ಲ್ಯಾಪ್‌ಟಾಪೇನೋ ಎದ್ದಿತು. ಡಬ್ಬಿ ಏಳಲಿಲ್ಲ. ಒಳಗಿದ್ದ ಹಳೆಯದನ್ನು ಅಳಿಸಿಯಾಗಿದೆ, ಹೊಸದು ಪೂರ್ತಿ ಇಳಿದಿಲ್ಲ, ಈಗ ಅದಕ್ಕೆ ತಾನು ಯಾರೆಂಬುದೇ ನೆನಪಿಲ್ಲ ಎಂದು ಅವನು ವಿವರಿಸಿದ.

"ಇದನ್ನ ಎಬ್ಬಿಸೋರು ಯಾರಿದ್ದಾರೆ?"

"ಗೊತ್ತಿರೋದು ಒಬ್ಬರೇ ಆಪಾ."

ಹೆಸರು ಹೇಳುವ ಧೈರ್ಯ ಅವನಿಗಿರಲಿಲ್ಲ. ಅವಳೂ ಕೇಳಲಿಲ್ಲ. ಲ್ಯಾಪ್‌ಟಾಪನ್ನೂ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದಳು.

ಬಸ್ಸು ಇಳಿಯುವಷ್ಟರಲ್ಲಿ ಮೂರು ಸುಳ್ಳುಗಳು ಸಿದ್ಧವಾಗಿದ್ದವು. ವಿನೋಬನಗರದ ಅಂಗಡಿಯ ಮೆಟ್ಟಿಲನ್ನು ಅವಳು ಯಾರೋ ತಳ್ಳಿದಂತೆ ಹತ್ತಿದಳು. ಮೊಹ್ಸಿನ್ ಡಬ್ಬಿಯನ್ನು ತಿರುಗಿಸಿ ನೋಡಿದವನು ಒಂದೇ ಪ್ರಶ್ನೆ ಕೇಳಿದ.

"ವೈರ್ ಯಾರು ಕಿತ್ರು ಭಾಬಿ?"

ಕರೆಂಟು ಹೋಯಿತು ಎಂದಳು. ಗೋಬಿಯವನು ಅದೇ ಹೊತ್ತಿಗೆ ಜನ್ನಾಪುರದಲ್ಲಿ ಅವಳ ಪಕ್ಕದ ಅಂಗಡಿಯಿಂದಲೇ ವಿಡಿಯೋ ಕಾಲ್ ಮಾಡಿದ್ದನೆಂದೂ, ಅವನ ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತೆಂದೂ ಮೊಹ್ಸಿನ್ ಹೇಳಿದ. ಹಾಗಾದರೆ ಇಲಿ ಇರಬೇಕು ಎಂದಳು. ಇಲಿ ವೈರು ಕಡಿಯುತ್ತದೆ, ಪ್ಲಗ್ಗು ಬಿಚ್ಚಿಟ್ಟು ಹೋಗುವುದಿಲ್ಲ ಎಂದ. ಮೂರನೆಯ ಸುಳ್ಳಿನಲ್ಲಿ ನದೀಮನ ಹೆಸರಿತ್ತು. ಅದು ಗಂಟಲಿನವರೆಗೆ ಬಂದು ಹಿಂದೆ ಹೋಯಿತು.

"ನಾನೇ ಕಿತ್ತೆ. ಫುಲ್ಲಾಗಿತ್ತು, ಕಿತ್ತೆ. ನಿಮ್ಮಣ್ಣ ಕಲಿಸಿದ್ದೇ ಹಂಗೆ. ಅವರು ಇರೋತನಕ ಇದು ಒಂದು ದಿನ ಆರಿದ್ದಿಲ್ಲ, ಗೊತ್ತಾ?"

ಮೊಹ್ಸಿನ್ ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡು, ಕೈಯಲ್ಲೇ ಇದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲೆಲ್ಲ ಹುಡುಕಿದ. ಆಮೇಲೆ ಅತ್ತಿಗೆಯ ಸ್ಟೂಲನ್ನು ಎತ್ತಿ, ಪ್ಲಗ್ಗಿಗೆ ಕೈ ನಿಲುಕದಷ್ಟು ದೂರದಲ್ಲಿ ಇಟ್ಟ. ಡಬ್ಬಿಯ ಬೆನ್ನಿನ ಸಣ್ಣ ತೂತಿಗೆ ಪಿನ್ನು ಹಾಕಿ ಒತ್ತಿಕೊಂಡೇ ವೈರು ಸಿಕ್ಕಿಸಿದ. ನೀಲಿ ಗೆರೆ ಮತ್ತೆ ಮೊದಲಿನಿಂದ ತೆವಳಿತು. ಬ್ಯಾಟರಿ ಫುಲ್ಲೆಂದಿತು. ಯಾರೂ ಏನನ್ನೂ ಕೀಳಲಿಲ್ಲ. ಗೆರೆ ಆಚೆ ದಡ ಮುಟ್ಟಿತು, ಡಬ್ಬಿಯ ಹಸಿರು ದೀಪ ಕಣ್ಣು ಬಿಟ್ಟಿತು. ಏನೂ ಕುದಿಯಲಿಲ್ಲ. ನೂರ್‌ಜಹಾನ್ ಮೂಸಿಯೂ ನೋಡಿದಳು.

ಹೊಸ ಬ್ಯಾಟರಿ ತರಿಸಿಕೊಡುತ್ತೇನೆ, ಅದು ಬರುವವರೆಗೆ ಲ್ಯಾಪ್‌ಟಾಪ್ ವೈರಿನ ಮೇಲೆಯೇ ಬದುಕಬೇಕು ಎಂದ ಮೊಹ್ಸಿನ್. ಅವಳು ಚೀಲ ಎತ್ತಿಕೊಂಡು ಬಾಗಿಲಲ್ಲಿ ನಿಂತಳು.

"ಕಟ್ಟಿದ ಪಂಥ ಹಂಗೇ ಇದೆ. ನಾಳೆ ಕರಿಯಣ್ಣ ಬೇರೆ ಕಡೆ ಹೋದ್ರೆ ನಿನ್ನ ಗೋಬಿಯೋನನ್ನ ಕರಿ. ಬಾಂಡ್ಲಿ ನಾನೇ ಎತ್ತಿಡ್ತೀನಿ."

"ಆಗ್ಲಿ ಭಾಬಿ. ಆದ್ರೆ ನಾಳೆ ನೀವು ಆ ಪ್ಲಗ್ಗಿನ ಹತ್ರ ಕೂರಬೇಡಿ."

ಕೂರಲಿಲ್ಲ. ಮರುದಿನ ಬೆಳಗ್ಗೆ ಕರಿಯಣ್ಣನ ಪಿಕಪ್ ಹೊಗೆ ಬಿಡುತ್ತ ಬಂದು ನಿಂತಾಗ ನೂರ್‌ಜಹಾನ್ ಪ್ಲಗ್ಗಿನ ಕಾವಲಿಗೆ ನದೀಮನನ್ನು ಕೂರಿಸಿ, ತಾನು ದೂರದ ಬೆಂಚಿನಲ್ಲಿ ಕೂತಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಕೈಗಳ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು. ಕರಿಯಣ್ಣ ಸ್ಟೂಲಿನ ಮೇಲೆ ಕೂತು, ಏರು ಬಂದರೆ ಗಾಡಿ ಎಳೆಯುವುದೇ ಇಲ್ಲ, ಮೀಟರಿನಲ್ಲಿ ಹಳದಿ ದೀಪ ಬೇರೆ ಎಂದು ದೂರು ಕೊಟ್ಟ. ಡಬ್ಬಿ ಸಿಕ್ಕಿಸಿದರು. ಹಸಿರು ದೀಪ ಹತ್ತಿತು. ಡಬ್ಬಿ ಗಾಡಿಯನ್ನು ಗುರುತು ಹಿಡಿಯಿತು. ತೆರೆಯ ಮೇಲೆ ಸಾಲು ಸಾಲಾಗಿ ಅಕ್ಷರಗಳು ಬರತೊಡಗಿದವು. ಇನ್ನೇನು ರೋಗದ ಹೆಸರು ಬರಬೇಕು, ಚಾರ್ಜಿಂಗ್ ದೀಪ ಬೆಳ್ಳಗಾಯಿತು. ತೊಡೆಯ ಕೆಳಗೆ ಬೆರಳುಗಳು ಮಿಸುಕಾಡಿದವು. ನೂರ್‌ಜಹಾನ್ ಭಾರ ಬಿಟ್ಟು ಕೂತಳು.

ಲ್ಯಾಪ್‌ಟಾಪ್ ನಿಟ್ಟುಸಿರುಬಿಟ್ಟು ಕಪ್ಪಾಯಿತು.

ನದೀಮ್ ಎದ್ದು ನಿಂತಿದ್ದ. ಪ್ಲಗ್ಗು ಅವನ ಕೈಯಲ್ಲಿತ್ತು. ಅದು ಅಲ್ಲಿಗೆ ಹೇಗೆ ಬಂತೆಂದು ಅವನೇ ಬೆರಗಾಗಿ ನೋಡುತ್ತಿದ್ದ.

"ಏನೋ ಮಾಡ್ದೆ?"

"ಫುಲ್ಲಾಯ್ತಲ್ಲ ಆಪಾ…"

"ಯಾರೋ ನಿಂಗೆ ಇದನ್ನ ಕಲಿಸಿದ್ದು?"

"ಉಸ್ತಾದ್."

ಕರಿಯಣ್ಣ ಸ್ಟೂಲಿನಿಂದ ಎದ್ದ. ಗಾಡಿಯ ಕೀಯನ್ನು ಜೇಬಿಗೆ ಹಾಕಿಕೊಂಡ. ಹೊರಗೆ ಹೊರಟ. ನೂರ್‌ಜಹಾನಳ ಕಣ್ಣೆದುರು ಚಾರ್ಜಿಂಗ್ ಜಾಗದಲ್ಲಿ ಬಾಂಡ್ಲಿ ಬಂದು ಕೂತು, ಎಣ್ಣೆ ಕಾದು, ಗೋಬಿಯೂ ಬಿದ್ದಿತು. ಅವಳು ಹಿಂದೆಯೇ ಓಡಿ, ಇನ್ನೊಂದೇ ಗಳಿಗೆ ನಿಲ್ಲಿ, ಬೇರೆ ಗ್ಯಾರೇಜಿಗೆ ಹೋಗಬೇಡಿ ಎಂದು ಬೇಡಿಕೊಂಡಳು.

ಕರಿಯಣ್ಣನಿಗೆ ಅರ್ಥವೇ ಆಗಲಿಲ್ಲ.

"ಬೇರೆ ಗ್ಯಾರೇಜಾ? ನಾನು ಟೀಗೆ ಹೊರಟಿದ್ದು ಕಣಮ್ಮ. ಸಾಹೇಬ್ರ ಕಾಲದಲ್ಲೂ ಇದು ಸರಿಯಾಗಿ ಇದೇ ಹೊತ್ತಿಗೆ ಆರ್ತಿತ್ತು. ಫುಲ್ಲಾಯ್ತು ಅಂತ ಅವರು ವೈರ್ ಕೀಳೋರು, ಅದು ಆರೋದು, ಅವರು ಅದಕ್ಕೆ ಬೈಯೋರು, ನಾವು ಟೀ ಕುಡ್ದು ಬರೋರು. ಆಯನೂರಿನೋರಿಗೆಲ್ಲ ಇದು ಅಭ್ಯಾಸ ಆಗೋಗಿದೆ."

"ಒಂದೊಂದು ಸಲ ಹಂಗಾಗಿರಬೇಕು…"

"ಪ್ರತಿ ಸಲ. ಡಬ್ಬಿ ಸತ್ರೆ ನನ್ನ ಗಾಡೀಲೇ ಅವರ ತಮ್ಮನ ಹತ್ರ ಕಳ್ಸೋರು. ನಮ್ಮನೆಯೋಳು ನನ್ನ ಬ್ಯಾಟರಿ ಪಂಡಿತ ಅಂದ್ಕೊಂಡಿದಾಳೆ ಕರಿಯಣ್ಣ, ಬಾಯಿ ಬಿಡಬೇಡ ಮಾರಾಯ ಅನ್ನೋರು. ಈಗ ಬಿಟ್ಟೆ ನೋಡಿ."

ಅವನು ಟೀಗೆ ಹೋದ. ನೂರ್‌ಜಹಾನ್ ಸ್ವಲ್ಪ ಹೊತ್ತು ಷಟರಿನ ಕಂಬ ಹಿಡಿದು ನಿಂತಳು. ಆಮೇಲೆ ಒಳಗೆ ಬಂದು ನದೀಮನ ಕೈಯಿಂದ ಪ್ಲಗ್ಗು ತೆಗೆದುಕೊಂಡು ತಾನೇ ಸಿಕ್ಕಿಸಿದಳು.

ಕರಿಯಣ್ಣ ಮರಳುವಷ್ಟರಲ್ಲಿ ಗಾಡಿಯ ರೋಗ ತೆರೆಯ ಮೇಲಿತ್ತು. ಮಧ್ಯಾಹ್ನಕ್ಕೆ ಗಾಡಿ ಹೊಗೆಯಿಲ್ಲದೆ ಹೊರಟಿತು. ಇನ್ನೆರಡು ಗಾಡಿಗಳನ್ನು ನಾಳೆ ಕಳಿಸುತ್ತೇನೆ ಎಂದು ಅವನು ಕಿಟಕಿಯಿಂದ ಕೂಗಿ ಹೋದ.

ಅವಳು ಮೊಹ್ಸಿನನಿಗೆ ಫೋನ್ ಮಾಡಿ, ಗೋಬಿಯವನಿಗೆ ಬೇರೆ ಜಾಗ ನೋಡಿಕೊಳ್ಳಲು ಹೇಳು ಎಂದಳು. ಅವನು ಖುಷಿಯಾಗಿಯೇ ಹೂಂಗುಟ್ಟಿದ. ಆಮೇಲೆ, ನಡುವೆ ಲ್ಯಾಪ್‌ಟಾಪ್ ಆರಲಿಲ್ಲವಷ್ಟೆ ಎಂದು ಕೇಳಿದ.

"ಆರ್ತು."

"ಯಾರು ಕಿತ್ರು ಭಾಬಿ?"

"ಇನ್ಯಾರು? ನಿಮ್ಮಣ್ಣ" ಎಂದಳು ನೂರ್‌ಜಹಾನ್.